ಆರು ಮರಿ ಎಲ್ಲಿ ಹೋದವು?

ಕಳೆದ ಭಾನುವಾರ ಧಾರವಾಡದಲ್ಲಿ, ನಮ್ಮ ಬಡಾವಣೆಯ ಗಣಪತಿ ಗುಡಿಯ ಹಿಂದಿನ ಹಾಲ್‌ನಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಬರಲು ಆಗದಿದ್ದವರು ಕೇಳಿದ್ದರು. ಮಾತಾಡುವಾಗ ಮರೆತದ್ದನ್ನು ನಡುನಡುವೆ ಸೇರಿಸಿದ್ದೇನೆ, ಜನ ಕೇಳಿದ ಪ್ರಶ್ನೆಗಳನ್ನೂ ಆಯಾ ಜಾಗದಲ್ಲೇ ಇಟ್ಟಿದ್ದೇನೆ.

ಬೋರ್ಡ್ ಮೇಲೆ ‘ಸಾಕುಪ್ರಾಣಿ ಮತ್ತು ನಮ್ಮ ಜವಾಬ್ದಾರಿ’ ಅಂತ ಬರೆದಿದ್ದರು. ನಾನು ಮುಖ್ಯವಾಗಿ ಹೇಳಲು ಹೋದದ್ದು, ಸಾಕಿದ ನಾಯಿ ಬೆಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಅಂತ. ಬಂದವರಲ್ಲಿ ಅರ್ಧ ಜನ ನಾಯಿ ಸಾಕಿದವರು. ಉಳಿದರ್ಧ ಆ ನಾಯಿಗಳು ರಾತ್ರಿಯೆಲ್ಲ ಬೊಗಳುತ್ತವೆ ಅಂತ ತಕರಾರು ಹೇಳಲು ಬಂದವರು. ಇಬ್ಬರೂ ಆಚೆ ಈಚೆ ಬೇರೆ ಬೇರೆ ಸಾಲು ಹಿಡಿದು ಕೂತಿದ್ದರು, ಮದುವೆಯಲ್ಲಿ ಮಾತುಬಿಟ್ಟ ಬೀಗರು ಕೂತ ಹಾಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯೆ ಅಲ್ಲ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮನೆಯಲ್ಲಿ ಹದಿನಾರು ವರ್ಷದಿಂದ ನಾಯಿ ಬೆಕ್ಕು ಇವೆ. ಈ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ತಪ್ಪು ಮಾಡಿ ಕಲಿತದ್ದು. ಅದರಲ್ಲಿ ದೊಡ್ಡ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಚಂಪಿ ಅಂತ ನಮ್ಮದೊಂದು ಹೆಣ್ಣು ನಾಯಿ ಇತ್ತು. ಕೆಲಗೇರಿ ಕೆರೆ ದಂಡೆಯಲ್ಲಿ ಸಿಕ್ಕಿದ್ದು, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಎಂಟು ತಿಂಗಳಾದಾಗ ಮೊದಲ ಸಲ ಬೆದೆಗೆ ಬಂತು. ಹಾಲ್‌ನಲ್ಲಿ ನೆಲದ ಮೇಲೆ ರಕ್ತದ ಹನಿ ನೋಡಿ ಕಾಲಿಗೆ ಗಾಜು ಚುಚ್ಚಿದೆ ಅಂದುಕೊಂಡು ನಾಲ್ಕೂ ಕಾಲು ಹುಡುಕಿದ್ದೆ. ಜೀವಶಾಸ್ತ್ರದ ಮೇಡಂ! ಸಂಜೆ ಹೊತ್ತಿಗೆ ಗೇಟಿನ ಹೊರಗೆ ಐದು ಗಂಡು ನಾಯಿ ಸಾಲಾಗಿ ಕೂತಾಗ ಗೊತ್ತಾಯಿತು.

ಸರಿ ಅಂತ ಮಾಳಿಗೆ ಮೇಲೆ ಇಟ್ಟೆವು. ದಿನಾ ನೋಡುತ್ತಿದ್ದೆವು. ಒಂಬತ್ತು ಹತ್ತು ದಿನಕ್ಕೆ ರಕ್ತ ಕಡಿಮೆಯಾಯಿತು, ಬಣ್ಣ ತಿಳಿಯಾಯಿತು. ಮುಗೀತು ಬಿಡು ಅಂತ ಹನ್ನೆರಡನೇ ದಿನ ಕೆಳಗೆ ಬಿಟ್ಟೆವು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಮ್ಮ ಓಣಿಯಲ್ಲಿ ನಾನು ಕಂಡ ಅರ್ಧ ಬೇಡದ ಮರಿಗಳು ಹುಟ್ಟಿದ್ದು ಇದೇ ತಪ್ಪಿನಿಂದ: ರಕ್ತ ಜೋರಾಗಿ ಹೋಗುವಾಗ ಹೆಣ್ಣು ನಾಯಿ ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಆ ಬಣ್ಣ ತಿಳಿಯಾಗುತ್ತಾ ಬಂದಾಗಲೇ ನಿಜವಾದ ಸಮಯ ಶುರುವಾಗುತ್ತದೆ, ಅಂದರೆ ನಾವು ‘ಮುಗೀತು’ ಅಂತ ಬಾಗಿಲು ತೆಗೆಯುವ ದಿನವೇ ಅದಕ್ಕೆ ‘ಶುರು’. ಒಟ್ಟು ಮೂರು ವಾರ ಇರುತ್ತದೆ. ನಾಲ್ಕು ವಾರ ಕಾಯುವುದು ಕ್ಷೇಮ. ಇದು ವರ್ಷಕ್ಕೆ ಸುಮಾರು ಎರಡು ಸಲ.

ಚಂಪಿ ಹೋಗಿದ್ದು ಹದಿನೈದು ನಿಮಿಷ. ನಾನು ಓಡಿ ಹೋಗುವಷ್ಟರಲ್ಲಿ ಎರಡೂ ಗಂಟುಬಿದ್ದಿದ್ದವು, ಹುಡುಗರು ಕಲ್ಲು ಎತ್ತಿಕೊಂಡಿದ್ದರು, ಎದುರು ಮನೆಯವರು ಕೊಡದಲ್ಲಿ ನೀರು ತಂದಿದ್ದರು. ಹಾಗೆ ಮಾಡಬೇಡಿ. ಆ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ, ಎಳೆದರೆ ಎರಡಕ್ಕೂ ಗಾಯ. ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

63 ದಿನ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ, ಒಂದು ದಿನ ಮುಂಚೆ ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ ಮೂಲೆಯಲ್ಲಿ ಆರು ಮರಿ. ಮೂರು ಕಂದು, ಎರಡು ಕಪ್ಪು, ಒಂದು ಬಿಳಿ ಚುಕ್ಕಿಯದು. ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರು ಇರಬಹುದು, ನಾಯಿಗಳಲ್ಲಿ ಅದು ಸಾಮಾನ್ಯ. ಅಂದರೆ ಆ ಹದಿನೈದು ನಿಮಿಷ ಅಲ್ಲದೆ, ನಮಗೆ ಗೊತ್ತೇ ಆಗದೆ, ಇನ್ನೊಮ್ಮೆ ಎಲ್ಲೋ ತಪ್ಪಿಸಿಕೊಂಡಿರಲೂಬಹುದು.

ಮುದ್ದಾಗಿದ್ದವು, ಸುಳ್ಳು ಹೇಳಲ್ಲ. ಮನೆಗೆ ಬಂದವರೆಲ್ಲ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಎರಡು ತಿಂಗಳಾಗುವ ಹೊತ್ತಿಗೆ ‘ಎಲ್ಲವನ್ನೂ ಒಳ್ಳೆ ಮನೆಗೆ ಕೊಟ್ಟೆ’ ಅಂತ ಎಲ್ಲರಿಗೂ ಹೇಳಿದೆ. ವರ್ಷಗಟ್ಟಲೆ ಹಾಗೇ ಹೇಳುತ್ತಿದ್ದೆ. ಆಮೇಲೆ ಒಂದು ದಿನ, ಯಾಕೋ, ಕೂತು ಲೆಕ್ಕ ಹಾಕಿದೆ.

ಒಂದನೆಯದು ನನ್ನ ಜೊತೆ ಕೆಲಸ ಮಾಡುವವರ ಮನೆಗೆ ಹೋಯಿತು. ಲಸಿಕೆ ಮುಂದಿನ ತಿಂಗಳು ಹಾಕಿಸೋಣ ಅಂದರು. ಹತ್ತೇ ದಿನಕ್ಕೆ ಪಾರ್ವೊ ಅನ್ನುವ ವೈರಸ್ ರೋಗ. ವಾಂತಿ, ರಕ್ತಭೇದಿ, ಮೂರನೇ ದಿನ ಹೋಯಿತು. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಬೀಳಬೇಕು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ. ಮೊದಲ ಲಸಿಕೆ ನಾನೇ ಹಾಕಿಸಿ ಕೊಡಬೇಕಿತ್ತು. ಅವರನ್ನು ಯಾಕೆ ಬೈಯಲಿ?

ಎರಡನೆಯದು ಹುಬ್ಬಳ್ಳಿಗೆ. ಗೇಟಿಲ್ಲದ ಮನೆ. ಆರು ತಿಂಗಳಿಗೆ ಪಿ.ಬಿ. ರೋಡ್‌ನಲ್ಲಿ ಲಾರಿಗೆ ಸಿಕ್ಕಿತು.

ಮೂರು ಮತ್ತು ನಾಲ್ಕನೆಯದನ್ನು ಒಬ್ಬ ಆಟೋದವನು ಒಟ್ಟಿಗೇ ಒಯ್ದ. ತೋಟ ಇದೆ ಅಂದ. ಯಾವ ತೋಟ, ಯಾವ ಊರು, ಕೇಳಲಿಲ್ಲ. ಎರಡು ಒಮ್ಮೆಗೇ ಹೋಗುತ್ತಿವೆಯಲ್ಲ ಅನ್ನುವ ನಿರಾಳಕ್ಕೆ ಕೇಳಲಿಲ್ಲ, ಅಷ್ಟೇ.

ಐದನೆಯದು ಹೆಣ್ಣು, ಬಿಳಿ ಚುಕ್ಕಿಯದು. ಹಾವೇರಿ ಹತ್ತಿರ ನಮ್ಮ ದೊಡ್ಡಪ್ಪನ ಹೊಲಕ್ಕೆ ಹೋಯಿತು. ಚೆನ್ನಾಗಿ ಬೆಳೆಯಿತು. ಮೂರು ವರ್ಷದಲ್ಲಿ ಐದು ಸೂಲು. ಒಂದು ಸಲ ಊರಿಗೆ ಹೋದಾಗ ದೊಡ್ಡಪ್ಪ ಬೈಕಿನ ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು ಹೊರಟಿದ್ದರು. ಚೀಲ ಅಲ್ಲಾಡುತ್ತಿತ್ತು. ಒಳಗಿಂದ ಸಣ್ಣ ಸದ್ದು. ಎಲ್ಲಿಗೆ ಅಂದೆ. ‘ಸಂತಿ ಬಯಲಾಗ ಬಿಟ್ಟ ಬರ್ತೀನಿ, ಅಲ್ಲೆ ಏನರೆ ತಿನ್ನಾಕ ಸಿಗತೈತಿ’ ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಬರಗಾಲದಲ್ಲಿ ದನಕ್ಕೆ ಮೇವಿಲ್ಲದಾಗ ಅತ್ತವರು. ಚೀಲದ ಬಾಯಿ ಬಿಚ್ಚಿ ನೋಡಿದೆ, ಏಳು ಇದ್ದವು, ಕಣ್ಣು ಆಗಷ್ಟೇ ಬಿಟ್ಟಿದ್ದವು, ಅದರಲ್ಲಿ ಒಂದಕ್ಕೆ ಚಂಪಿಯ ಹಾಗೇ ಒಂದು ಕಿವಿ ಮಡಚಿತ್ತು.

ಆರನೆಯದು ನಮ್ಮ ಮನೆಯಲ್ಲೇ ಉಳಿಯಿತು. ಅದೊಂದೇ ‘ಒಳ್ಳೆ ಮನೆ’ ಅಂತ ಗ್ಯಾರಂಟಿಯಿಂದ ಹೇಳಬಲ್ಲೆ.

ವಾಟ್ಸಾಪ್‌ನಲ್ಲಿ ಒಂದು ಲೆಕ್ಕ ಓಡಾಡುತ್ತಿರುತ್ತದೆ, ಒಂದು ಹೆಣ್ಣು ನಾಯಿ ಮತ್ತು ಅದರ ಸಂತಾನದಿಂದ ಆರು ವರ್ಷದಲ್ಲಿ 67,000 ನಾಯಿ ಅಂತ. ನನಗೆ ಆ ಲೆಕ್ಕದ ಮೇಲೆ ನಂಬಿಕೆ ಇಲ್ಲ. ಹುಟ್ಟಿದ್ದೆಲ್ಲ ಬದುಕಿ, ಬದುಕಿದ್ದೆಲ್ಲ ಮರಿ ಹಾಕಿದರೆ ಮಾತ್ರ ಅದು ಸರಿ. ಬದುಕುವುದಿಲ್ಲ ಅನ್ನುವುದೇ ಇಲ್ಲಿ ಕಥೆ. ನನ್ನ ಆರರ ಲೆಕ್ಕ ಸಾಕು.

ಇಷ್ಟು ಹೇಳುವಾಗ ಎರಡನೇ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ‘ಅಲ್ಲರೀ ಮೇಡಂ, ಅದಕ್ಕೂ ಒಂದು ಜೀವ ಐತಿ. ಮರಿ ಆಗದಂಗ ಮಾಡೋದು ಪಾಪ ಅಲ್ಲೇನ್ರಿ?’

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ನಮ್ಮ ಮನೆಯಲ್ಲೇ ಬಂದಿತ್ತು. ನಾನು ಅವರಿಗೆ ತಿರುಗಿ ಕೇಳಿದೆ, ನಿಮ್ಮ ಮನೆಯಲ್ಲಿ ಎತ್ತು ಇದ್ದವೇನ್ರಿ? ಇದ್ದವು, ನಾಲ್ಕು ಜೋಡಿ ಅಂದರು. ಎತ್ತು ಹುಟ್ಟುವಾಗ ಎತ್ತಾಗಿ ಹುಟ್ಟುತ್ತದಾ? ನಕ್ಕುಬಿಟ್ಟರು.

ಒಕ್ಕಲುತನದ ಊರಿನವರು ನಾವು. ಹೋರಿಯ ಬೀಜ ಒಡೆಸಿ ಎತ್ತು ಮಾಡುವುದು ನಮಗೆ ಹೊಸದಲ್ಲ. ಹಿಂದೆಲ್ಲ ನೋವು ತಿಳಿಯದ ಹಾಗೆ ಮಾಡುವ ಔಷಧಿ ಗಿವುಷಧಿ ಏನೂ ಇರಲಿಲ್ಲ, ನಾಲ್ಕು ಜನ ಕೆಡವಿ ಹಿಡಿದುಕೊಂಡು ಮಾಡುತ್ತಿದ್ದರು, ಚಿಕ್ಕವಳಿದ್ದಾಗ ನಾನು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ್ದು ನೆನಪಿದೆ. ಆಮೇಲೆ ದನದ ದವಾಖಾನೆಯಲ್ಲಿ, ಬೀಜದ ನಾಳ ಹಿಚುಕುವ ಬರ್ಡಿಜೋ ಇಕ್ಕಳ ಬಂತು. ಕಾರಹುಣ್ಣಿವೆ ದಿನ ಕೋಡಿಗೆ ಬಣ್ಣ ಬಳಿದು, ಜೂಲು ಹಾಕಿ, ಕೈಮುಗಿಯುತ್ತೇವಲ್ಲ, ಆ ಎತ್ತುಗಳೆಲ್ಲ ಹಾಗೆ ಆದವೇ. ಉಳುವುದಕ್ಕೆ ಬೇಕಾದಾಗ ಪಾಪ ಅನ್ನಿಸಲಿಲ್ಲ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಧರ್ಮ ನೆನಪಾಗುತ್ತದೆ.

ನಮ್ಮ ಅತ್ತೆಯ ಆಕ್ಷೇಪ ಬೇರೆ ಇತ್ತು. ‘ತಾಯಿ ಆಗೋ ಭಾಗ್ಯ ಕಸಗೋಬಾರದು’ ಅಂತ. ಅತ್ತೆಗೆ ಇಬ್ಬರು ಮಕ್ಕಳಾದ ಮೇಲೆ ಆಪರೇಷನ್ ಆಗಿತ್ತು. ನಮ್ಮ ಕಡೆ ‘ಆಪರೇಷನ್ ಆಗೇತಿ’ ಅಂದರೆ ಯಾವ ಆಪರೇಷನ್ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಸರ್ಕಾರ 1952ರಿಂದ ಹೇಳಿ ಹೇಳಿ ಆ ಮಾತನ್ನು ಅಷ್ಟು ಮನೆಮಾತು ಮಾಡಿದೆ. ಅತ್ತೆಗೆ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನನಗ ಕೇಳಿ ಮಾಡಿದ್ರು, ಅದಕ್ಕ ಯಾರು ಕೇಳತಾರ?’ ಅಂದರು.

ಇದು ಗಟ್ಟಿ ಮಾತು. ಇವತ್ತಿಗೂ ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಅದನ್ನು ಕೇಳದೆ ನಾವು ಎಷ್ಟು ಮಾಡುತ್ತೇವೆ ನೋಡಿ. ಕೇಳಿ ಬೆಲ್ಟ್ ಹಾಕಿದ್ದಲ್ಲ. ಕೇಳಿ ತಾಯಿಯಿಂದ ಬಿಡಿಸಿ ತಂದದ್ದಲ್ಲ. ಮನೆಯೊಳಗೆ ತಂದ ದಿನವೇ ಅದರ ಪರವಾಗಿ ತೀರ್ಮಾನ ಮಾಡುವ ಕೆಲಸ ನಮ್ಮ ತಲೆಗೆ ಬಿತ್ತು. ಇನ್ನು ತಾಯ್ತನದ ಆಸೆ ಅನ್ನುವುದು ನಾವು ಅದರ ಮೇಲೆ ಹೊರಿಸಿದ್ದು. ನಾಯಿಗೆ ಹಾರ್ಮೋನು ಏರಿದಾಗ ಬೆದೆ, ಇಳಿದಾಗ ಇಲ್ಲ. ‘ಒಂದು ಸಲವಾದರೂ ಮರಿ ಹಾಕಲಿ, ಆರೋಗ್ಯಕ್ಕೆ ಒಳ್ಳೇದು’ ಅನ್ನುತ್ತಾರಲ್ಲ, ಅದರಿಂದ ಆರೋಗ್ಯಕ್ಕೆ ಏನೂ ಲಾಭ ಇಲ್ಲ.

ಆಪರೇಷನ್ ಅಂದರೆ ಏನು ಅಂತಲೂ ಹೇಳಬೇಕು, ಯಾಕೆಂದರೆ ಹೆಂಗಸರಿಗೆ ಮಾಡುವಂಥದ್ದೇ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಹೆಂಗಸರಿಗೆ ನಾಳ ಕಟ್ಟುತ್ತಾರೆ, ಮುಟ್ಟು ಎಂದಿನಂತೆ ಬರುತ್ತದೆ. ಹೆಣ್ಣು ನಾಯಿಗೆ ಸಾಮಾನ್ಯವಾಗಿ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ಆಮೇಲೆ ಬೆದೆ ಇಲ್ಲ, ರಕ್ತ ಇಲ್ಲ, ಗೇಟಿನ ಮುಂದೆ ಮೆರವಣಿಗೆ ಇಲ್ಲ. ಹೊಟ್ಟೆ ತೆರೆದು ಮಾಡುವುದರಿಂದ ಇದು ಗಂಡಿನದಕ್ಕಿಂತ ದೊಡ್ಡ ಆಪರೇಷನ್, ಖರ್ಚೂ ಜಾಸ್ತಿ. ಗಂಡಿಗೆ ವೃಷಣ ತೆಗೆಯುತ್ತಾರೆ, ಬೇಗ ಮುಗಿಯುತ್ತದೆ. ಒಂದು ಎಚ್ಚರಿಕೆ: ಗಂಡಿಗೆ ಆಪರೇಷನ್ ಆದ ಮಾರನೇ ದಿನವೇ ಫಲ ನಿಂತುಹೋಗುವುದಿಲ್ಲ. ಉಳಿದ ವೀರ್ಯ ಕೆಲವು ವಾರ ಇರುತ್ತದೆ. ಒಂದು ತಿಂಗಳು ಹೆಣ್ಣಿನಿಂದ ದೂರ ಇಡಿ.

ಎರಡೂ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುವಂಥವು. ಹಾಗಾಗಿ ಖಾಲಿ ಹೊಟ್ಟೆ ಬೇಕು. ಎಷ್ಟು ಗಂಟೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಅವರು ಹೇಳದಿದ್ದರೆ ನೀವೇ ಕೇಳಿ. ಚಂಪಿಗೆ ಮಾಡಿಸಲು ಒಂದು ಕಡೆ ಫೋನಲ್ಲಿ ದಿನ ಗೊತ್ತು ಮಾಡಿದ್ದೆ. ಉಪವಾಸದ ಸುದ್ದಿ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪಾಪ ಆಪರೇಷನ್ ಅಲ್ವಾ ಅಂತ ಬೆಳಿಗ್ಗೆ ಹಾಲು ಅನ್ನ ಹೊಟ್ಟೆ ತುಂಬ ಹಾಕಿ ಕರೆದುಕೊಂಡು ಹೋದೆ. ವಾಪಸ್ ಕಳಿಸಿದರು. ರಜೆ ಹಾಕಿದ್ದು, ಆಟೋ ಬಾಡಿಗೆ, ಎಲ್ಲ ದಂಡ. ಎರಡನೇ ಸಲ ಸರಿಯಾಗಿ ಆಯಿತು. ಆದರೆ ನಾಲ್ಕನೇ ದಿನ ಕುತ್ತಿಗೆಗೆ ಹಾಕಿದ್ದ ಆ ಪ್ಲಾಸ್ಟಿಕ್ ಬುಟ್ಟಿ ಬಾಗಿಲಿಗೆಲ್ಲ ಬಡಿಯುತ್ತಿದೆ, ಅದು ಮುಖ ಸಪ್ಪಗೆ ಮಾಡಿಕೊಂಡಿದೆ ಅಂತ ನಾನೇ ತೆಗೆದೆ. ಒಂದು ಗಂಟೆ ಅಷ್ಟೇ, ನೆಕ್ಕಿ ನೆಕ್ಕಿ ಎರಡು ಹೊಲಿಗೆ ಬಿಚ್ಚಿತ್ತು. ಮತ್ತೆ ಓಡಿದೆವು. ಹತ್ತು ಹದಿನಾಲ್ಕು ದಿನ ಆ ಬುಟ್ಟಿ ಇರಲೇಬೇಕು. ಬಡಿಯಲಿ ಬಿಡಿ. ಬುಟ್ಟಿ ಸಿಗದಿದ್ದರೆ ಹಳೆ ಟೀ ಶರ್ಟು ತಿರುವಿ ಹಾಕಿ ಬೆನ್ನ ಮೇಲೆ ಗಂಟು ಹಾಕುವುದೂ ನಡೆಯುತ್ತದೆ.

‘ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ, ನಾವು ಕಟ್ಟಿಯೇ ಇಡುತ್ತೇವೆ’ ಅಂತ ಒಬ್ಬರು ಕೇಳಿದರು. ಕಟ್ಟಿ ಇಡುವುದು ಆಗುವವರಿಗೆ ಆಗಬಹುದು. ನಮಗೆ ಆಗಲಿಲ್ಲ. ಆದರೆ ಇದರಲ್ಲಿ ಮರಿಗಳ ವಿಷಯ ಒಂದೇ ಇರುವುದಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಂದು ಪಮೇರಿಯನ್ ಇತ್ತು. ಹೊರಗೆ ಕಾಲಿಟ್ಟದ್ದಲ್ಲ. ಆಪರೇಷನ್ ಬೇಡ ಅಂತ ಬೆದೆ ಬರದ ಹಾಗೆ ಇಂಜೆಕ್ಷನ್ ಹಾಕಿಸುತ್ತಿದ್ದರು. ಒಂಬತ್ತನೇ ವರ್ಷ ಬೇಸಿಗೆಯಲ್ಲಿ ಅದು ನೀರು ಕುಡಿಯುವುದು ಜಾಸ್ತಿ ಮಾಡಿತು. ಬಿಸಿಲು ಅಲ್ವಾ ಅಂದುಕೊಂಡರು. ಊಟ ಬಿಟ್ಟಿತು. ಒಂದು ಸಂಜೆ ಸೋಫಾದ ಮೇಲೆ ಕೀವಿನ ಕಲೆ, ಕೆಟ್ಟ ವಾಸನೆ. ಅದಕ್ಕೆ ಪಯೋಮೆಟ್ರಾ ಅನ್ನುತ್ತಾರೆ, ಗರ್ಭಕೋಶದಲ್ಲಿ ಕೀವು ತುಂಬುವುದು. ಬೆದೆ ಮುಗಿದ ಕೆಲವು ವಾರಕ್ಕೆ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಜಾಸ್ತಿ ಬರುತ್ತದೆ. ಆ ಹಾರ್ಮೋನು ಇಂಜೆಕ್ಷನ್ ಹಾಕಿಸಿದರೆ ಅಪಾಯ ಇನ್ನೂ ಏರುತ್ತದೆ. ಸ್ವೀಡನ್ನಿನಲ್ಲಿ ನಾಯಿಗಳಿಗೆ ಆಪರೇಷನ್ ಮಾಡಿಸುವುದು ಕಡಿಮೆ, ವಿಮೆ ಮಾಡಿಸುವುದು ಜಾಸ್ತಿ, ಹಾಗಾಗಿ ಅಲ್ಲಿ ಒಳ್ಳೆ ದಾಖಲೆ ಸಿಗುತ್ತದೆ: ಹತ್ತು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಹೆಣ್ಣು ನಾಯಿಗೆ ಈ ರೋಗ. ಮದ್ದು ಅಂದರೆ ಕೊನೆಗೆ ಅದೇ ಆಪರೇಷನ್, ಆದರೆ ಮುದಿ ವಯಸ್ಸಿನಲ್ಲಿ, ಮೈಯೆಲ್ಲ ನಂಜೇರಿದ ಹೊತ್ತಿನಲ್ಲಿ, ರಾತ್ರೋರಾತ್ರಿ. ಪಕ್ಕದ ಮನೆಯದು ಬದುಕಿತು. ಪುಣ್ಯ.

ಸ್ತನದ ಗಡ್ಡೆಯದೂ ಒಂದು ಲೆಕ್ಕ ಇದೆ. ಮೊದಲ ಬೆದೆಗಿಂತ ಮುಂಚೆ ಮಾಡಿಸಿದರೆ ಆ ಅಪಾಯ ಮಾಡಿಸದಿದ್ದ ನಾಯಿಯ 0.5%ಕ್ಕೆ ಇಳಿಯುತ್ತದೆ, ಒಂದು ಬೆದೆ ಆದ ಮೇಲೆ ಮಾಡಿಸಿದರೆ 8%, ಎರಡು ಆದ ಮೇಲೆ 26%. ಇದು 1969ರ ಅಮೆರಿಕದ ಅಧ್ಯಯನ, ಎಲ್ಲರೂ ಇದನ್ನೇ ಹೇಳುತ್ತಾರೆ. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು ಪುರಾವೆ ಅಷ್ಟು ಗಟ್ಟಿಯಿಲ್ಲ ಅಂದರು. ಹಾಗಾಗಿ ನಾನು ಆ ಅಂಕಿಗಳನ್ನು ಹಿಡಿದುಕೊಂಡು ಯಾರನ್ನೂ ಹೆದರಿಸಲ್ಲ. ಪಯೋಮೆಟ್ರಾ ಒಂದೇ ಸಾಕು ಹೆದರಲು.

ಆಪರೇಷನ್ನಿನಿಂದ ಕೆಟ್ಟದ್ದೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳು. ದಪ್ಪ ಆಗುತ್ತವೆ. ನಿಜ. ಮೈಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ, ನಾವು ಮಾತ್ರ ಹಿಂದಿನಷ್ಟೇ ಹಾಕುತ್ತಿರುತ್ತೇವೆ. ಕಾಲು ಭಾಗ ಕಡಿಮೆ ಮಾಡಿ, ತೂಕ ನೋಡುತ್ತಿರಿ. ಚಪಾತಿಗೆ ತುಪ್ಪ ಸವರಿ ಕೊಡುವ ಅಜ್ಜಿಯಂದಿರು ಇರುವ ಮನೆಯಲ್ಲಿ ಇದು ಕಷ್ಟ, ಗೊತ್ತು. ಕೆಲವು ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಮಲಗಿದಲ್ಲೇ ಉಚ್ಚೆ ಸೋರುತ್ತದೆ, ಅದಕ್ಕೆ ಮಾತ್ರೆ ಇದೆ.

ಇನ್ನು ವಯಸ್ಸು. ಇಲ್ಲಿ ಎಲ್ಲದಕ್ಕೂ ಒಂದೇ ಅಳತೆ ಹಿಡಿಯಬಾರದು. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಥರದ ದೊಡ್ಡ ಜಾತಿಗಳಿಗೆ ವರ್ಷ ತುಂಬುವ ಮೊದಲೇ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚು ಅಂತ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಿಂದ ಈಚೆಗೆ ತೋರಿಸಿದ್ದಾರೆ. ಮೂಳೆ ಬೆಳೆಯುವುದು ನಿಲ್ಲಲು ಆ ಹಾರ್ಮೋನುಗಳ ಸಿಗ್ನಲ್ ಬೇಕು. ಹಾಗಾಗಿ ಅವಕ್ಕೆ ಒಂದೂವರೆ ವರ್ಷದ ತನಕ ಕಾಯಿರಿ ಅಂತ ಡಾಕ್ಟರ್ ಹೇಳಿದರೆ ಅವರು ಸೋಮಾರಿತನ ಮಾಡುತ್ತಿಲ್ಲ. ನಮ್ಮ ಊರ ನಾಯಿ, ಮಧ್ಯಮ ಗಾತ್ರದ್ದು, ಗೇಟು ಹಾರುವಂಥದ್ದು, ಅದಕ್ಕೆ ಆರು ತಿಂಗಳ ಹೊತ್ತಿಗೆ ಮಾಡಿಸಿ. ಕಾದರೆ ಮರಿಯಾಗುವ ಅಪಾಯವೇ ಹೆಚ್ಚು. ಇದು ನನ್ನ ಅಭಿಪ್ರಾಯ, ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತು ಕೇಳಿ.

ಗಂಡು ನಾಯಿಯ ಮಾತು ಬಂದಾಗ ಹಾಲ್‌ನಲ್ಲಿ ಗಂಡಸರೆಲ್ಲ ಸ್ವಲ್ಪ ಮಿಸುಕಾಡಿದರು. ಹೆಣ್ಣು ನಾಯಿಗೆ ಮಾಡಿಸಿ ಅಂದರೆ ತಲೆಯಾಡಿಸಿದವರೇ, ಗಂಡಿಗೆ ಅಂದಾಗ ‘ಅದರ ಗಂಡಸ್ತನ ಹೋಗ್ತದಲ್ರೀ, ಸಪ್ಪಗಾಗ್ತದ, ಕಾಯೋದಿಲ್ಲ’ ಅಂದರು. ಹಾಗೇನಿಲ್ಲ. ಅಪರಿಚಿತರು ಬಂದರೆ ಬೊಗಳುವುದು ಹಾಗೇ ಇರುತ್ತದೆ. ಕಡಿಮೆಯಾಗುವುದು ಹೆಣ್ಣಿನ ವಾಸನೆ ಹಿಡಿದು ಮೈಲಿಗಟ್ಟಲೆ ಹೋಗುವುದು, ಅಲ್ಲಿ ಕಚ್ಚಾಡಿ ಕಿವಿ ಹರಿದುಕೊಂಡು ಬರುವುದು, ಕಂಡ ಕಂಡ ಟೈರಿಗೆ ಉಚ್ಚೆ ಹೊಯ್ಯುವುದು. ಆದರೆ ಕಚ್ಚುವ ಚಟ ಇದರಿಂದಲೇ ಬಿಟ್ಟುಹೋಗುತ್ತದೆ ಅಂತ ನಂಬಬೇಡಿ. ಹೆದರಿ ಕಚ್ಚುವ ನಾಯಿ ಆಪರೇಷನ್ ಆದರೂ ಹೆದರುತ್ತದೆ. ಇನ್ನೊಂದು, ಬೀದಿಯಲ್ಲಿ ಕೂಡುವುದರಿಂದ ಹರಡುವ ಒಂದು ಗಡ್ಡೆ ರೋಗ ಇದೆ, ಟಿವಿಟಿ ಅನ್ನುತ್ತಾರೆ. ಒಂದು ನಾಯಿಯ ಕ್ಯಾನ್ಸರ್ ಕಣವೇ ಇನ್ನೊಂದಕ್ಕೆ ಅಂಟಿ ಬೆಳೆಯುವುದು, ಪ್ರಾಣಿಲೋಕದಲ್ಲೇ ಅಪರೂಪ, ನಮ್ಮ ಬೀದಿಗಳಲ್ಲಿ ಮಾತ್ರ ಮಾಮೂಲು. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಕೊಟ್ಟರೆ ವಾಸಿಯಾಗುತ್ತದೆ.

ಒಬ್ಬ ಹುಡುಗ ಕೇಳಿದ, ‘ನಂದು ಒರಿಜಿನಲ್ ಮುಧೋಳ ಐತ್ರಿ. ಎಲ್ಲಾರೂ ಮಾಡಿಸಿದ್ರ ಜಾತಿ ಉಳಿಯೋದು ಹೆಂಗ?’ ಒಳ್ಳೆ ಪ್ರಶ್ನೆ. ಮುಧೋಳ ನಾಯಿ ಉಳಿಯಲೇಬೇಕು, ಅದು ನಮ್ಮ ಕಡೆಯ ಬಾಗಲಕೋಟೆ ಜಿಲ್ಲೆಯ ಹೆಮ್ಮೆ, 2005ರಲ್ಲಿ ಅದರ ಮೇಲೆ ಅಂಚೆ ಚೀಟಿಯೂ ಬಂದಿದೆ. ಆದರೆ ಉಳಿಸುವ ಕೆಲಸಕ್ಕೆ ತಿಮ್ಮಾಪುರದ ಸಂಶೋಧನಾ ಕೇಂದ್ರ ಇದೆ, ತಂದೆ ತಾಯಿ ದಾಖಲೆ ಇಟ್ಟು ಸಾಕುವವರಿದ್ದಾರೆ. ಓಣಿಯಲ್ಲಿ ಸಿಕ್ಕ ಇನ್ನೊಂದು ತೆಳ್ಳಗಿನ ನಾಯಿ ಜೊತೆ ಕ್ರಾಸ್ ಮಾಡಿಸಿ ಮರಿ ಮಾರಿದರೆ ಜಾತಿ ಉಳಿಯಲ್ಲ, ಕೆಡುತ್ತದೆ. ಮರಿ ಮಾರುವುದೇ ಉದ್ಯೋಗ ಅಂದರೆ 2017ರ ನಿಯಮ ಇದೆ, ನೋಂದಣಿ ಬೇಕು, ತಾಯಿಗೆ 18 ತಿಂಗಳಾಗಿರಬೇಕು, ಮರಿಗೆ 8 ವಾರ ಆಗುವ ಮೊದಲು ಮಾರುವ ಹಾಗಿಲ್ಲ. ಮತ್ತೆ ಮುಧೋಳ ಸಾಕಿದವರು ಒಂದು ಗೊತ್ತಿಟ್ಟುಕೊಳ್ಳಿ: ಮೈಯಲ್ಲಿ ಕೊಬ್ಬೇ ಇಲ್ಲದ ಇಂಥ ಬೇಟೆ ನಾಯಿಗಳಿಗೆ ಥಯೋಪೆಂಟೋನ್‌ನಂಥ ಹಳೆ ಅರಿವಳಿಕೆ ಕೊಟ್ಟರೆ ಎಚ್ಚರ ಆಗಲು ತುಂಬಾ ಹೊತ್ತು ಹಿಡಿಯುತ್ತದೆ. ಯಾವುದೇ ಆಪರೇಷನ್ ಇರಲಿ, ಇದು ಮುಧೋಳ ಅಂತ ಮೊದಲೇ ಹೇಳಿ.

ಬೆಕ್ಕಿನ ಬಗ್ಗೆ ಯಾರೂ ಕೇಳಲಿಲ್ಲ. ಬೆಕ್ಕನ್ನು ನಮ್ಮ ಜನ ಸಾಕಿದ್ದು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಬಂದು ಹೋಗುವ ನೆಂಟರ ಹಾಗೆ. ಆದರೆ ಬೆಕ್ಕು ನಾಯಿಗಿಂತ ಜೋರು. ನಾಲ್ಕೈದು ತಿಂಗಳಿಗೇ, ಇನ್ನೂ ಮರಿ ಅಂತ ನಾವು ಎತ್ತಿ ಆಡಿಸುವಾಗಲೇ ಬೆದೆಗೆ ಬರುತ್ತದೆ. ಕೂಡಿದಾಗಲೇ ಅಂಡ ಬಿಡುಗಡೆಯಾಗುವುದರಿಂದ ಗುರಿ ತಪ್ಪುವುದು ಕಡಿಮೆ. ಮರಿಗಳಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬಸುರಾಗುತ್ತದೆ. ಹಾಗಾಗಿ ಐದು ತಿಂಗಳ ಒಳಗೇ ಮಾಡಿಸಿ. ‘ಹಾಲು ಕುಡಿಸ್ತಾ ಇದೆ, ಈಗೇನೂ ಆಗಲ್ಲ’ ಅಂತ ನಂಬಿ ಕೂತದ್ದೂ ನಾನೇ. ಆ ಕಥೆ ಇನ್ನೊಮ್ಮೆ.

ತಕರಾರಿನ ಸಾಲಿನವರು ಅಷ್ಟೊತ್ತಿಗೆ ಸಹನೆ ಕಳೆದುಕೊಂಡಿದ್ದರು. ‘ಇದೆಲ್ಲ ಮನಿ ನಾಯಿ ಸುದ್ದಿ ಆತು. ಬೀದಿ ನಾಯಿಗೆ ಏನ್ ಮಾಡ್ತೀರಿ?’ ನಾನಂದೆ, ಸಂತೆ ಬಯಲಿನಲ್ಲಿ ಇಳಿದ ಆ ಏಳು ಮರಿ ಮನೆ ನಾಯಿಯವಾ ಬೀದಿ ನಾಯಿಯವಾ? ಗೊಬ್ಬರದ ಚೀಲದಿಂದ ಹೊರಗೆ ಬಿದ್ದ ಕೂಡಲೇ ಅವು ಪಾಲಿಕೆಯ ಲೆಕ್ಕಕ್ಕೆ ಸೇರುತ್ತವೆ.

ಕಾನೂನು ಇಷ್ಟು. ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡುವುದು ಸ್ಥಳೀಯ ಸಂಸ್ಥೆಯ ಕೆಲಸ. 2001ರ ನಿಯಮ ಇತ್ತು, ಅದರ ಜಾಗಕ್ಕೆ 2023ರಲ್ಲಿ ಹೊಸದು ಬಂತು. ಕಿವಿಯ ಅಂಚು ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಆಗಿದೆ ಅಂತ ಅರ್ಥ, ಯಾರೋ ಕಿಡಿಗೇಡಿಗಳು ಕತ್ತರಿಸಿದ್ದಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದದ್ದು, ಹನ್ನೊಂದೇ ದಿನಕ್ಕೆ ಅದನ್ನು ತಿದ್ದಿ, ರೇಬೀಸ್ ಇರುವ ಅಥವಾ ಆಕ್ರಮಣ ಮಾಡುವ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ ಅಲ್ಲೇ ಬಿಡಿ ಅಂದದ್ದು ಎಲ್ಲರಿಗೂ ನೆನಪಿರಬೇಕು. ಸಾಕಿದ ನಾಯಿಯ ಹೊಣೆ ಮಾತ್ರ ಪೂರ್ತಿ ಮಾಲೀಕನದ್ದು. ಸಾಕಿದ್ದನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಐವತ್ತೇ. ಇಬ್ಬರು ಗಿರ್ಮಿಟ್ ಮಿರ್ಚಿ ತಿಂದು ಎದ್ದರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ಉಳಿದ ಜವಾಬ್ದಾರಿಗಳನ್ನು ಓಡಿಸಿಕೊಂಡು ಹೇಳಿದೆ, ಹೊತ್ತಾಗಿತ್ತು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ. ಹೊರಗೆ ಹೋದಾಗ ಹಗ್ಗ. ಹೇತದ್ದನ್ನು ಎತ್ತಲು ಕೈಯಲ್ಲೊಂದು ಪೇಪರ್, ಬೇರೆಯವರ ರಂಗೋಲಿ ಮೇಲಂತೂ ಬೇಡವೇ ಬೇಡ. ಯಾವ ನಾಯಿ ಕಚ್ಚಿದರೂ, ನಿಮ್ಮದೇ ಮರಿ ಆಟಕ್ಕೆ ಪರಚಿದರೂ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ ಅನ್ನುವುದು ಅತಿಶಯದ ಮಾತಲ್ಲ.

ಚಹಾ ಕೊಡುವ ಹೊತ್ತಿಗೆ ಆ ಮೊದಲು ‘ಪಾಪ’ ಅಂದಿದ್ದ ಹಿರಿಯರು ಹತ್ತಿರ ಬಂದರು. ಅವರ ಗೇಟಿನ ಹತ್ತಿರ ಒಂದು ಕರಿ ಹೆಣ್ಣು ನಾಯಿ ಎರಡು ವರ್ಷದಿಂದ ಮಲಗುತ್ತದಂತೆ. ‘ನಮ್ಮದಲ್ಲರಿ ಅದು. ಸುಮ್ನ ರೊಟ್ಟಿ ಹಾಕ್ತೀನಿ, ಅಷ್ಟ. ಹೋದ ಸಲ ನಾಕು ಮರಿ ಹಾಕಿತ್ತು, ಮಳಿಗೆ ಒಂದೂ ಉಳೀಲಿಲ್ಲ. ಇಂಥದಕ್ಕ ಮಾಡಿಸೋರು ಯಾರು?’

ಅದಕ್ಕೆ ಹೆಸರಿಟ್ಟಿದ್ದೀರಾ ಅಂದೆ. ಕರೆವ್ವ ಅಂದರು.

ಪಾಲಿಕೆಯವರಿಗೆ ಹೇಳಬಹುದು, ಬಲೆ ಹಾಕಿ ಹಿಡಿಯುತ್ತಾರೆ, ಆದರೆ ನೀವು ಕರೆದರೆ ಬರುತ್ತದಲ್ಲ, ನಾವೇ ಒಯ್ದರೆ ಅದಕ್ಕೆ ಗಾಬರಿ ಕಡಿಮೆ, ಖರ್ಚು ಅರ್ಧ ಅರ್ಧ ಹಾಕೋಣ ಅಂದೆ. ಒಪ್ಪಿದರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಅಂತಾಯಿತು. ಡಾಕ್ಟರ್ ಹೇಳಿದಂತೆ, ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ಏನೂ ಹಾಕಬೇಡಿ, ಯಾರೂ ಹಾಕದ ಹಾಗೆ ನೋಡಿಕೊಳ್ಳಿ ಅಂದೆ.

‘ಒಂಬತ್ತಕ್ಕ ಅದು ಇರೋದೇ ಇಲ್ಲಲ್ರಿ’ ಅಂದರು. ‘ಆಚೆ ಓಣಿ ಸುತ್ತಾಡಿ ಹತ್ತಕ್ಕ ಬರ್ತೈತಿ ಊಟಕ್ಕ. ನಾ ಎಚ್ಚರ ಇದ್ದು ಹಾಕಿ ಮಲಗತೀನಿ.’

ಶುಕ್ರವಾರ ಎಂಟೂವರೆಗೆ ಇಬ್ಬರೂ ಆಚೆ ಓಣಿಗೆ ರೊಟ್ಟಿ ಹಿಡಿದುಕೊಂಡು ಹೋಗುವುದು ಅಂತ ಮಾತಾಗಿದೆ.